ಟೀವಿಗೆ ಇಟ್ಟ ಬೊಟ್ಟು

ನೀವು ನಮ್ಮ ಮನೆಗೆ ಬಂದರೆ ಮೊದಲು ಏನು ಕೇಳುತ್ತೀರೆಂದು ನನಗೆ ಗೊತ್ತು. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಮುಂದಿನ ರೂಮು ನನ್ನ ಹಲ್ಲಿನ ಕ್ಲಿನಿಕ್ಕು, ಹಿಂದೆ ನಾವು, ಮಹಡಿಯ ಮೇಲೆ ಬಾಡಿಗೆಯವರು. ಕ್ಲಿನಿಕ್ಕು ದಾಟಿ ಹಾಲಿಗೆ ಕಾಲಿಟ್ಟರೆ ಎದುರು ಗೋಡೆಯಲ್ಲಿ ದೊಡ್ಡ ಟೀವಿ, ಅದರ ಗಾಜಿನ ಮೇಲಂಚಿನಲ್ಲಿ, ಬಲಕ್ಕೆ, ಒಂದು ಮರೂನ್ ಬಣ್ಣದ ಸ್ಟಿಕರ್ ಬೊಟ್ಟು. "ಡಾಕ್ಟ್ರೇ, ಆಯುಧಪೂಜೆದು ಇನ್ನೂ ತೆಗ್ದಿಲ್ವಾ?" ಎಂದು ಕೇಳುವವರೇ ಹೆಚ್ಚು. ಮೊನ್ನೆ ಬಂದ ಗ್ಯಾಸ್ ಸಿಲಿಂಡರಿನವನು ಚಪ್ಪಲಿ ಬಿಟ್ಟು ಅದಕ್ಕೊಂದು ನಮಸ್ಕಾರವನ್ನೂ ಹಾಕಿ ಹೋದ. ನಾನು ಬೇಡವೆನ್ನಲಿಲ್ಲ.

ಆ ಬೊಟ್ಟಿನ ಕಥೆ ಹೇಳಬೇಕೆಂದರೆ ಗುಂಡನಿಂದ ಶುರುಮಾಡಬೇಕು. ಗುಂಡ ನಮ್ಮ ನೆಂಟನಲ್ಲ, ಟೀವಿ ಗೇಮಿನೊಳಗಿನ ಹುಡುಗ. ಅಕ್ಕ ಹತ್ತನೇ ಕ್ಲಾಸನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದಾಗ ನಮ್ಮ ಸೋದರಮಾವ ಮೆಜೆಸ್ಟಿಕ್ಕಿನ ಕಡೆಯಿಂದ ಒಂದು ಟೀವಿ ಗೇಮು ತಂದುಕೊಟ್ಟ. ಅಕ್ಕನಿಗೆ ವಾಚು ಬೇಕಿತ್ತು. ಅವಳು ಮುಖ ಊದಿಸಿಕೊಂಡು ಕೂತಳು, ನಾನು ಓದದೆಯೇ ಬಹುಮಾನ ಬಂದ ಖುಷಿಯಲ್ಲಿ ವೈರು ಬಿಡಿಸಿದೆ. ಅದರ ಜೊತೆಗೆ ಬಂದದ್ದು ಒಂದೇ ಒಂದು ಹಳದಿ ಕ್ಯಾಸೆಟ್ಟು. ನಮ್ಮ ಬೀದಿಯಲ್ಲಿ ಇನ್ನಾರ ಬಳಿಯೂ ಆ ಆಟ ಇರಲಿಲ್ಲ. ಹಾಗಾಗಿ ಗುಂಡನ ವಿಷಯದಲ್ಲಿ ನಮಗೆ ಬುದ್ಧಿ ಹೇಳುವವರೂ ಇರಲಿಲ್ಲ.

ಆಟ ಬಹಳ ಸರಳ. ಗುಂಡ ಎಡಗಡೆಯಿಂದ ಬಲಗಡೆಗೆ ಓಡುತ್ತಾನೆ, ಹಳ್ಳ ಬಂದರೆ ಹಾರುತ್ತಾನೆ, ಮುಳ್ಳುಹಂದಿ ಬಂದರೆ ಅದರ ತಲೆಯ ಮೇಲಿಂದ ಹಾರುತ್ತಾನೆ, ಹಗ್ಗ ಸಿಕ್ಕರೆ ಹತ್ತುತ್ತಾನೆ. ಕೈಯಲ್ಲಿ ಹಿಡಿಕೆಯಿರುವ ಏನೋ ಒಂದು ಡಬ್ಬಿ. ಶುರುವಿಗೆ ಪರದೆ ತುಂಬ ಅಕ್ಷರ ಬರುತ್ತಿತ್ತು. ಜಪಾನಿಯೋ ಚೀನಿಯೋ, ನಮಗೆ ಎರಡೂ ಒಂದೇ. ಕಥೆ ಏನೆಂದು ತಿಳಿಯದೆ ನಾನು ಒದ್ದಾಡುತ್ತಿದ್ದಾಗ ಸೊಪ್ಪು ಬಿಡಿಸುತ್ತಾ ಕೂತಿದ್ದ ಅಮ್ಮ ತಲೆಯೆತ್ತಿ ನೋಡಿ ಹೇಳಿದಳು.

"ಕಾಣಲ್ವೇನೋ? ಅವನಪ್ಪ ಕೆರೆ ಆಚೆ ಕೆಲ್ಸಕ್ಕೋಗಿದಾನೆ. ಇವ್ನು ಊಟದ ಕ್ಯಾರಿಯರ್ ತಗೊಂಡೋಗ್ತಾ ಇದಾನೆ."

ಅಲ್ಲಿಗೆ ಕಥೆ ಇತ್ಯರ್ಥವಾಯಿತು. ಗುಂಡ ಎಂದು ಹೆಸರಿಟ್ಟವಳೂ ಅಮ್ಮನೇ. ಅವನಿಗೆ ನಿಜವಾದ ಹೆಸರೊಂದಿದೆಯೆಂದು ಈ ವರ್ಷ ಗೊತ್ತಾಯಿತು. ಅದನ್ನು ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಬೆಳೆದ ಹುಡುಗನನ್ನು ಪಾಸ್‌ಪೋರ್ಟಿನ ಹೆಸರಿನಿಂದ ಯಾರು ಕರೆಯುತ್ತಾರೆ?

ಆ ಕ್ಯಾಸೆಟ್ಟು ಒಂದೇ ಸಲಕ್ಕೆ ಓಡಿದ್ದು ಕಡಿಮೆ. ಅದರ ಬಾಯಿಗೆ ನಾವು ಬಾಯಿಟ್ಟು ಊದಬೇಕಿತ್ತು. ನಾನು ಊದಿದರೆ ಪರದೆಯ ತುಂಬ ಚೌಕಗಳು, ಅಕ್ಕ ಊದಿದರೆ ಬರೀ ನೀಲಿ. ಅಮ್ಮ ಬಂದು ಒಂದು ಸಲ ಉಫ್ ಎಂದರೆ ಗುಂಡ ಪ್ರತ್ಯಕ್ಷ. ಅವಳು ಸೌದೆ ಒಲೆ ಊದಿ ಬೆಳೆದವಳು, ಉಸಿರು ಎಲ್ಲಿ ಎಷ್ಟು ಬಿಡಬೇಕೆಂದು ಗೊತ್ತಿತ್ತು. ಊದಲು ಬಂದವಳು ಒಂದು ನಿಮಿಷ ನಿಂತು ನೋಡುತ್ತಿದ್ದಳು. ಆಮೇಲೆ ಕುಕ್ಕರ್ ಕೂಗುವವರೆಗೂ ನಿಲ್ಲತೊಡಗಿದಳು. ನಮಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಕೊನೆಗೆ ಅನುಮಾನ ಬಂದದ್ದು ಅಕ್ಕನಿಗೆ. ಒಂದು ದಿನ ಸ್ಕೂಲಿನಿಂದ ಬಂದವನು ನಾನು ಬ್ಯಾಗು ಎಸೆದು ಸ್ವಿಚ್ಚಿಗೆ ಕೈಹಾಕಿದರೆ, ಕಾಲೇಜಿನಿಂದ ಆಗಲೇ ಬಂದಿದ್ದ ಅಕ್ಕ ಟೀವಿಯ ನೆತ್ತಿಯ ಮೇಲೆ ಅಂಗೈ ಇಟ್ಟು ನಿಂತಿದ್ದಳು. "ಬಿಸಿ ಇದೆ ಕಣೋ" ಎಂದಳು. ಮಧ್ಯಾಹ್ನ ಮನೆಯಲ್ಲಿದ್ದವಳು ಅಮ್ಮ ಒಬ್ಬಳೇ. ಆ ಹೊತ್ತಿನಲ್ಲಿ ಟೀವಿಯಲ್ಲಿ ನೋಡುವಂಥದ್ದು ಏನೂ ಬರುತ್ತಿರಲಿಲ್ಲ. ನಾವಿಬ್ಬರೂ ಬಗ್ಗಿ ನೋಡಿದರೆ ಗಾಜಿನ ಮೇಲೆ, ಸರಿಯಾಗಿ ನಡುಮಧ್ಯೆ, ಅಮ್ಮನ ಹಣೆಯ ಬೊಟ್ಟು.

ಈಗ ಆ ಬೊಟ್ಟಿನ ಶಾಸ್ತ್ರವನ್ನು ಹೇಳಬೇಕು, ಏಕೆಂದರೆ ಇದನ್ನು ಜಗತ್ತಿನಲ್ಲಿ ಬೇರೆ ಯಾರೂ ಕಂಡುಹಿಡಿದಿರಲಾರರು. ಮೂರನೇ ಹಂತದಲ್ಲಿ ಒಂದು ಕಾಲುವೆ ಇತ್ತು, ಅದರ ಮೇಲೆ ಹಲಗೆಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ಯಾವಾಗ ಹಾರಬೇಕು ಎನ್ನುವುದೇ ಕಷ್ಟ. ನಾನು ಹಲ್ಲು ಕಚ್ಚಿ, ದೇವರನ್ನು ನೆನೆದು ಹಾರುತ್ತಿದ್ದೆ, ಹತ್ತರಲ್ಲಿ ಒಂಬತ್ತು ಸಲ ನೀರು. ಅಮ್ಮ ದೇವರನ್ನು ಕರೆಯಲಿಲ್ಲ. ಹಣೆಯಿಂದ ಬೊಟ್ಟು ತೆಗೆದು ಗಾಜಿಗೆ ಅಂಟಿಸಿದಳು. ಹಲಗೆಯ ತುದಿ ಬೊಟ್ಟಿಗೆ ತಾಗಿತೋ, ಬಟನ್ ಒತ್ತು. ಅಷ್ಟೇ. ಒಂದೊಂದು ಹಂತಕ್ಕೂ ಬೊಟ್ಟಿನ ಜಾಗ ಬೇರೆ. ಸ್ವಲ್ಪ ದಿನದಲ್ಲಿ ನಮ್ಮ ಟೀವಿಯ ಮುಖ ಸಿಡುಬು ಬಂದವರ ಹಾಗೆ ಆಯಿತು. ಅಪ್ಪ ವಾರ್ತೆ ನೋಡಲು ಕೂತಾಗ ಮಂತ್ರಿಗಳ ಮೂಗಿನ ಮೇಲೆ, ಗಲ್ಲದ ಮೇಲೆ ಬೊಟ್ಟುಗಳು ಬಂದು ಹೋಗುತ್ತಿದ್ದವು.

ಆ ಟೀವಿಯ ವಿಷಯದಲ್ಲಿ ಅಪ್ಪನಿಗೂ ಅಮ್ಮನಿಗೂ ಒಂದು ಜಗಳ ನಡೆದಿತ್ತು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟೀವಿ ಗೇಮು ಬರುವ ಮೊದಲೇ ಒಂದು ಸಲ ವೋಲ್ಟೇಜ್ ಏರಿ ಟೀವಿಯೊಳಗೆ ಏನೋ ಸುಟ್ಟುಹೋಯಿತು. ಅಪ್ಪ ಪರಿಚಯದ ಒಬ್ಬ ಮೆಕ್ಯಾನಿಕ್ಕನ್ನು ಕರೆತಂದು ರಿಪೇರಿ ಮಾಡಿಸಿದರು. ಟೀವಿ ಬಂತು, ಆದರೆ ಚಿತ್ರ ಒಂಚೂರು ದೊಡ್ಡದಾಗಿಬಿಟ್ಟಿತ್ತು. ನಾಲ್ಕೂ ಅಂಚುಗಳು ಚೌಕಟ್ಟಿನ ಹಿಂದಕ್ಕೆ ಹೋಗಿದ್ದವು. ವಾರ್ತೆ ಓದುವವರಿಗೆ ಹುಬ್ಬಿನ ಮೇಲೆ ನಾಲ್ಕು ಬೆರಳು ಹಣೆ, ಆಮೇಲೆ ಟೀವಿ ಮುಗಿಯಿತು.

"ಏನ್ರೀ ಇದು, ತಲೆಗೂದ್ಲೇ ಕಾಣಲ್ವಲ್ಲ. ಅವ್ನನ್ನ ಇನ್ನೊಂದ್ಸಲ ಕರೀರಿ" ಎಂದಳು ಅಮ್ಮ.

ಅಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. "ವಾರ್ತೆ ಬಾಯಲ್ಲಿ ತಾನೇ ಓದೋದು, ಕೂದ್ಲಲ್ಲಿ ಅಲ್ವಲ್ಲ" ಎಂದರು. ಆ ಮಾತು ನಮ್ಮ ಮನೆಯಲ್ಲಿ ಬಹಳ ವರ್ಷ ಬಾಳಿತು. ಯಾವುದೇ ರಿಪೇರಿಯನ್ನು ಮುಂದೂಡಬೇಕಾದರೂ ಅದನ್ನೇ ಹೇಳುತ್ತಿದ್ದೆವು.

ಬೊಟ್ಟಿನ ಬಲದಿಂದ ಅಮ್ಮ ಗುಂಡನನ್ನು ಕೊನೆಯ ಹಂತದವರೆಗೂ ಕರೆದುಕೊಂಡು ಹೋದಳು. ನಾನೂ ಅಕ್ಕನೂ ಅಲ್ಲಿಯವರೆಗೆ ಹೋದದ್ದೇ ಇಲ್ಲ, ಅಮ್ಮನ ಅಕ್ಕಪಕ್ಕ ಕೂತು ನೋಡಿದವರು. ಕೊನೆಯದು ಕೆರೆ. ನೀರಿನ ನಡುವೆ ಒಂದೇ ಹಲಗೆ, ಲಿಫ್ಟಿನ ಹಾಗೆ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ. ಆಚೆ ದಡದಲ್ಲಿ ಒಂದು ಬಾಗಿಲು. ಅದರ ಹಿಂದೆ ಗುಂಡನ ಅಪ್ಪ ಹಸಿದು ಕೂತಿದ್ದಾನೆ. ಹಲಗೆಯಿಂದ ದಡಕ್ಕೆ ಹಾರಬೇಕು, ದಡ ದೂರ. ಅಮ್ಮ ಬೊಟ್ಟು ಅಂಟಿಸಿ ಹಾರಿಸಿದಳು, ಗುಂಡ ನೀರಿಗೆ ಬಿದ್ದ. ಬೊಟ್ಟನ್ನು ಕೂದಲೆಳೆಯಷ್ಟು ಆಚೆ ಸರಿಸಿದಳು, ನೀರಿಗೆ. ಇನ್ನೂ ಸರಿಸಿದಳು, ನೀರಿಗೆ. ಆ ಬೇಸಿಗೆ ರಜೆ ಪೂರ್ತಿ ಗುಂಡ ಕೆರೆಯ ಪಾಲಾದ. ನಮ್ಮ ಮನೆಯಲ್ಲಿ ಇವತ್ತಿಗೂ ಕೈಗೆ ಬಂದದ್ದು ತಪ್ಪಿಹೋದರೆ 'ಕೆರೆ ಆಯ್ತು' ಎನ್ನುತ್ತೇವೆ. ಅಕ್ಕನ ಮೊದಲ ಸಂಬಂಧ ಕೆರೆ ಆಯಿತು, ನನ್ನ ಮೆಡಿಕಲ್ ಸೀಟು ಕೆರೆ ಆಗಿ ಹಲ್ಲಿಗೆ ಬಂದೆ.

ಒಂದು ದಿನ ಅಮ್ಮ ಕಂಟ್ರೋಲರನ್ನು ಕೆಳಗಿಟ್ಟಳು. ತನ್ನ ಬಲಗೈ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ನನ್ನ ಕೈ ಸಾಲಲ್ಲ ಬಿಡು" ಎಂದಳು. ಮರುದಿನ ಟೀವಿಯ ಗಾಜು ಹೊಳೆಯುವಂತೆ ಒರೆಸಿತ್ತು, ಒಂದು ಬೊಟ್ಟೂ ಇರಲಿಲ್ಲ. ಸ್ವಲ್ಪ ದಿನಕ್ಕೆ ಆಟದ ಅಡಾಪ್ಟರೂ ಸುಟ್ಟುಹೋಯಿತು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆದರೆ 'ಕೈ ಸಾಲಲ್ಲ' ಎಂಬ ಆ ಮಾತು ಅಮ್ಮನಿಗೆ ಅಂಟಿಕೊಂಡಿತು. ಬೀದಿಯ ಹೆಂಗಸರೆಲ್ಲ ಸ್ಕೂಟಿ ಕಲಿತು ಹವನೂರು ಸರ್ಕಲ್ ಸುತ್ತಿ ಬರುವಾಗ ನಾನು ಅಮ್ಮನಿಗೂ ಹೇಳಿಕೊಡುತ್ತೇನೆಂದೆ. "ಕೆರೇನೇ ದಾಟಕ್ಕಾಗ್ಲಿಲ್ಲ, ಇನ್ನು ಸಿಗ್ನಲ್ ದಾಟ್ತೀನಾ" ಎಂದಳು. ಮೊಬೈಲ್ ಬಂತು, "ನನ್ನ ಕೈಗೆ ಇದೆಲ್ಲ ಸ್ಪೀಡಾಯ್ತು" ಎಂದಳು. ನಗುತ್ತಲೇ ಹೇಳುತ್ತಿದ್ದಳು, ನಾವೂ ನಗುತ್ತಿದ್ದೆವು. ಅವಳು ಅದನ್ನು ನಂಬಿಕೊಂಡಿದ್ದಾಳೆಂದು ನನಗೆ ಹೊಳೆಯಲು ನನ್ನ ತಲೆಗೂದಲು ನರೆಯಬೇಕಾಯಿತು.

ಈಗ ಈ ವರ್ಷಕ್ಕೆ ಬನ್ನಿ. ಮಧ್ಯಾಹ್ನ ಕ್ಲಿನಿಕ್ಕಿಗೆ ಬೀಗ ಹಾಕಿ ಊಟಕ್ಕೆ ಕೂತು ಫೋನು ಸವರುತ್ತಿದ್ದೆ. ಪರದೆಯ ಮೇಲೆ ಗುಂಡ ಬಂದ. ನನ್ನ ಗುಂಡ, ಅದೇ ಓಟ, ಕೈಯಲ್ಲಿ ಅದೇ ಕ್ಯಾರಿಯರ್ರು. ಅವನ ನಾಲ್ಕು ಆಟಗಳನ್ನೂ ರೀಮಾಸ್ಟರ್ ಮಾಡಿ ಒಂದೇ ಸಂಗ್ರಹವಾಗಿ ತಂದಿದ್ದಾರಂತೆ. ರೀಮಾಸ್ಟರ್ ಎಂದರೆ ನನ್ನ ಕಸುಬಿನಲ್ಲಿ ಹೇಳುವುದಾದರೆ ಹಳೆಯ ಹಲ್ಲನ್ನು ಕೀಳದೆ ಮೇಲೊಂದು ಕ್ಯಾಪ್ ಹಾಕಿದ ಹಾಗೆ. ನಾನು ಸಾರು ಕಲಸಿದ ಕೈಯಲ್ಲೇ ಎದ್ದು ನಿಂತೆ. ಹೆಂಡತಿ ಯಾರೋ ಹೋಗಿಬಿಟ್ಟರೆಂದು ಗಾಬರಿಯಾದಳು. ಗುಂಡನಿಗೆ ಅಣ್ಣ ತಮ್ಮಂದಿರ ಹಾಗೆ ಇನ್ನೂ ಮೂರು ಆಟಗಳಿದ್ದವೆಂದೇ ನಮಗೆ ಗೊತ್ತಿರಲಿಲ್ಲ ನೋಡಿ. ನಾವು ಒಂದರಲ್ಲೇ ಮುಳುಗಿದ್ದೆವು.

ಮಗಳ ಹೆಸರು ಹೇಳಿಕೊಂಡು ಗೇಮ್ ಮೆಷಿನ್ನು ತರಿಸಿದೆ. ಮಗಳು ಅದರ ಕಡೆ ಒಮ್ಮೆ ನೋಡಿ, "ಅಪ್ಪ, ಎಂಜಾಯ್ ಮಾಡಿ" ಎಂದು ಹೋದಳು. ಆಮೇಲಿನ ಒಂದು ವಾರ ಮಧ್ಯಾಹ್ನಗಳಲ್ಲಿ ನಾನು ನಿದ್ದೆ ಮಾಡಲಿಲ್ಲ. ನೀವೂ ಕೊಳ್ಳಬೇಕೆಂದಿದ್ದರೆ ಅನುಭವದಿಂದ ಹೇಳುತ್ತೇನೆ ಕೇಳಿ.

ಒಳ್ಳೆಯದು ಮೊದಲು. ಊದಬೇಕಾಗಿಲ್ಲ. ಕರೆಂಟು ಹೋದರೆ ಆಟ ಹೋಗುವುದಿಲ್ಲ, ಎಲ್ಲಿ ಬೇಕಾದರೂ ನಿಲ್ಲಿಸಿ ರೋಗಿಯ ಹಲ್ಲು ಕಿತ್ತು ಬಂದು ಮುಂದುವರಿಸಬಹುದು. ಚಿತ್ರ ಎಷ್ಟು ಸ್ವಚ್ಛವೆಂದರೆ ನಾವು ಕಾಗೆಗಳೆಂದುಕೊಂಡಿದ್ದವು ಬಾವಲಿಗಳೆಂದು ತಿಳಿಯಿತು. ಆಟ ಮಾಡಿದವರು ಪೆನ್ಸಿಲಿನಲ್ಲಿ ಬರೆದ ಮೊದಲ ಚಿತ್ರಗಳನ್ನೂ ಒಂದು ಕಡೆ ಇಟ್ಟಿದ್ದಾರೆ. ಅದರಲ್ಲಿ ಗುಂಡನಿಗೆ ಮೊದಲು ಮೀಸೆಯಿತ್ತು. ನಾನು ಆ ಪುಟದಲ್ಲೇ ಅರ್ಧ ಗಂಟೆ ಕಳೆದೆ.

ದೋಷಗಳೂ ಇವೆ. ಆಟ ಶುರುವಾಗುವಷ್ಟರಲ್ಲಿ ಅಷ್ಟೊಂದು ಕಡೆ ಸರಿ ಸರಿ ಎಂದು ಒತ್ತಬೇಕು, ಬ್ಯಾಂಕಿನಲ್ಲಿ ಖಾತೆ ತೆರೆದ ಹಾಗೆ. ಹಳೆಯ ಟಿಣಿಟಿಣಿ ಸಂಗೀತವನ್ನು ತೆಗೆದು ಐವತ್ತು ಪಿಟೀಲು ಹಾಕಿದ್ದಾರೆ. ಗುಂಡ ಹಳ್ಳ ಹಾರುವುದಕ್ಕೆ ಮದುವೆ ಛತ್ರದ ಗದ್ದಲ ಏಕೆ ಬೇಕು? ಹಿಂದೆ ಪರದೆಯಲ್ಲಿ ಮುಳ್ಳುಹಂದಿಗಳು ಜಾಸ್ತಿಯಾದರೆ ಆಟ ತಾನೇ ನಿಧಾನವಾಗುತ್ತಿತ್ತು, ನಮಗೆ ಯೋಚಿಸಲು ಪುರುಸೊತ್ತು ಸಿಗುತ್ತಿತ್ತು. ಅದನ್ನೂ ಸರಿಪಡಿಸಿಬಿಟ್ಟಿದ್ದಾರೆ. ಇನ್ನು ರಿವೈಂಡ್ ಎಂಬ ಬಟನ್ನು. ಬಿದ್ದರೆ ಅದನ್ನು ಒತ್ತಿದರಾಯಿತು, ಗುಂಡ ನೀರಿನಿಂದ ಹಿಂದಕ್ಕೆ ಹಾರಿ ಹಲಗೆಯ ಮೇಲೆ ನಿಲ್ಲುತ್ತಾನೆ. ಇದು ಗುಣವೋ ದೋಷವೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ನಾನಂತೂ ನಾಚಿಕೆಯಿಲ್ಲದೆ ಒತ್ತಿದೆ, ಒತ್ತಿ ಒತ್ತಿ ಕೊನೆಯ ಕೆರೆಯವರೆಗೂ ಬಂದೆ. ಅಲ್ಲಿ ಹಾರಿದೆ, ಬಿದ್ದೆ, ರಿವೈಂಡ್ ಮಾಡಿ ಅದೇ ತಪ್ಪನ್ನು ಹೊಸದಾಗಿ ಮಾಡಿದೆ. ಇಂಟರ್ನೆಟ್ಟಿನಲ್ಲಿ ಹುಡುಕಿದ್ದರೆ ಉತ್ತರ ಸಿಗುತ್ತಿತ್ತು. ಹಾಗೆ ದಾಟಿದರೆ ಅಮ್ಮನಿಗೆ ಮುಖ ತೋರಿಸುವುದು ಹೇಗೆ?

ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸೌಲಭ್ಯ, 'ಹಳೇ ಟೀವಿ' ಎಂಬ ಆಯ್ಕೆ. ಅದನ್ನು ಹಾಕಿದರೆ ಪರದೆಯ ಮೇಲೆ ಸಣ್ಣ ಸಣ್ಣ ಅಡ್ಡಗೆರೆ ಬರುತ್ತವೆ, ಮೂಲೆಗಳು ದುಂಡಗಾಗುತ್ತವೆ, ಅಂಚುಗಳು ಆ ಕಾಲದ ಟೀವಿಗಳಲ್ಲಿ ಮುಚ್ಚಿಹೋಗುತ್ತಿದ್ದ ಹಾಗೆಯೇ ಮುಚ್ಚುತ್ತವೆ. ಮೊದಲ ದಿನವೇ ಹಾಕಿದೆ, ಹಾಕಿದ ಕ್ಷಣ ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಸೋಫಾದಲ್ಲಿ ಕೂತಿದ್ದವನು ಇಳಿದು ನೆಲದ ಮೇಲೆ ಕೂತೆ. ಆ ಆಯ್ಕೆಯನ್ನು ತೆಗೆಯುವ ಮನಸ್ಸೇ ಬರಲಿಲ್ಲ.

ಉಲ್ಲಾಳದಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. "ಅಮ್ಮನ್ನ ಕೂರ್ಸು" ಎಂದಳು. "ಅವ್ಳು ದಾಟ್ಲಿಲ್ಲ ಅಂದ್ರೆ ಇನ್ಯಾರೂ ದಾಟಲ್ಲ ಕಣೋ."

ಅಮ್ಮ ಸುಲಭಕ್ಕೆ ಕೂರಲಿಲ್ಲ. ಎಪ್ಪತ್ತು ದಾಟಿದ ಬೆರಳು, ಬೆಳಗಿನ ಹೊತ್ತು ಹೆಬ್ಬೆರಳು ಮಡಚುವುದೂ ಕಷ್ಟ. ಬಾಗಿಲ ಹತ್ತಿರ ನಿಂತು ಗುಂಡನನ್ನು ಗುರುತಿಸಿ, "ಅಯ್ಯೋ, ಇವ್ನಿನ್ನೂ ಊಟ ಕೊಟ್ಟಿಲ್ವಾ?" ಎಂದಳು. ನಾನು ಬುದ್ಧಿವಂತನಂತೆ, "ಅಮ್ಮ, ಅದು ಕ್ಯಾರಿಯರ್ ಅಲ್ವಂತೆ. ದೀಪ. ಈಗ ಇಂಗ್ಲಿಷಲ್ಲಿ ಬರ್ದಿದಾರೆ" ಎಂದೆ.

"ದೀಪ ಆಗಿದ್ರೆ ನೀರಿಗ್ ಬಿದ್ದಾಗ ಆರ್ಬೇಕಿತ್ತಲ್ಲ" ಎಂದು ಅಮ್ಮ ಒಂದೇ ಏಟಿಗೆ ಕಂಪನಿಯ ಬಾಯಿ ಮುಚ್ಚಿಸಿದಳು. ಆಮೇಲೆ ವಾದ ಮಾಡಲೆಂದೇ ಬಂದು ಕೂತಳು. ಕೂತ ಮೇಲೆ ಕೈ ಕಂಟ್ರೋಲರಿಗೆ ಹೋಯಿತು.

ನೀವು ಅವತ್ತು ಇರಬೇಕಿತ್ತು. ಮೊದಲ ಹಳ್ಳಕ್ಕೇ ಬಿದ್ದಳು. "ಇವ್ನಿಗ್ಯಾಕೋ ಅವಸರ ಜಾಸ್ತಿಯಾಗಿದೆ" ಎಂದಳು. ಎರಡನೇ ಸಲ ದಾಟಿದಳು. ಮುಳ್ಳುಹಂದಿಗಳ ಸಾಲು ಬರುವ ಮೊದಲೇ ಅವಳ ಹೆಬ್ಬೆರಳು ಅಲ್ಲಾಡುತ್ತಿತ್ತು, ಬರುತ್ತವೆಂದು ಅದಕ್ಕೆ ನೆನಪಿತ್ತು. ನಾನು ಪಕ್ಕದಲ್ಲಿ ಕೂತು ಮಗುವಿನ ಹಾಗೆ ಕುಣಿಯುತ್ತಿದ್ದೆ. ಬಿದ್ದಾಗ ರಿವೈಂಡ್ ತೋರಿಸಿಕೊಟ್ಟೆ. "ಮೋಸ ಕಣೋ ಅದು" ಎಂದು ಮೊದಲಿಂದ ಶುರುಮಾಡಿದಳು. ಕಾಲುವೆಯ ಹಂತ ಬಂದಾಗ ಎದ್ದು ಹೋಗಿ ಹಣೆಯ ಬೊಟ್ಟು ತೆಗೆದು ಟೀವಿಗೆ ಅಂಟಿಸಿ ಬಂದಳು. ಪೇಪರ್ ಓದುತ್ತಾ ಕೂತಿದ್ದ ಅಪ್ಪ, "ಶುರುವಾಯ್ತಾ" ಎಂದರು.

ನಾಲ್ಕು ದಿನ ಮಧ್ಯಾಹ್ನ ಹೀಗೇ ನಡೆಯಿತು. ಐದನೆಯ ದಿನ ಕೆರೆ ಬಂತು. ಅದೇ ನೀರು, ಅದೇ ಹಲಗೆ, ಆಚೆ ದಡದಲ್ಲಿ ಅದೇ ಬಾಗಿಲು. ಅಮ್ಮ ಬೊಟ್ಟು ಅಂಟಿಸಿದಳು, ಹಾರಿಸಿದಳು, ನೀರು. ಸರಿಸಿದಳು, ನೀರು. ಮತ್ತೆ ನೀರು. ನನ್ನ ಕುಣಿತ ನಿಂತಿತು. ಅವಳು ಕಂಟ್ರೋಲರ್ ತೊಡೆಯ ಮೇಲಿಟ್ಟು ಹೆಬ್ಬೆರಳನ್ನು ನೋಡಿಕೊಂಡಾಗ ನನಗೆ ನಿಜಕ್ಕೂ ಭಯವಾಯಿತು. ಯಾಕಾದರೂ ಈ ಹಾಳು ಆಟವನ್ನು ಮತ್ತೆ ಮನೆಗೆ ತಂದೆನೋ ಎನಿಸಿತು. ಒಮ್ಮೆ ಕೈ ಸಾಲಲ್ಲ ಎಂದುಕೊಂಡವಳಿಗೆ ಅದನ್ನೇ ಎರಡನೇ ಸಲ ಸಾಬೀತು ಮಾಡಿ ತೋರಿಸಿದ ಹಾಗಾಯಿತಲ್ಲ.

ಅಮ್ಮ ಕಣ್ಣು ಉಜ್ಜಿಕೊಂಡಳು. "ಏನೋ ಇದು ಗೆರೆ ಗೆರೆ? ನಿನ್ ಟೀವಿ ಕೆಟ್ಟಿದ್ಯೇನೋ?"

"ಇಲ್ಲಮ್ಮ, ನಾನೇ ಹಾಕಿರೋದು. ಹಳೇ ಟೀವಿ ಥರ ಕಾಣ್ಲಿ ಅಂತ."

"ಹಳೇ ಟೀವಿ ಚೆನ್ನಾಗಿತ್ತು ಅಂತ ನಿಂಗ್ಯಾರ್ ಹೇಳಿದ್ರು? ತೆಗಿ ಅದನ್ನ, ಕಣ್ಣು ಉರೀತಾ ಇದೆ."

ತೆಗೆದೆ. ಗೆರೆಗಳು ಹೋದವು, ಮೂಲೆಗಳು ಬಿಚ್ಚಿಕೊಂಡವು, ಮುಚ್ಚಿದ್ದ ಅಂಚುಗಳು ಹೊರಬಂದವು. ನಾವಿಬ್ಬರೂ ಒಟ್ಟಿಗೆ ನೋಡಿದೆವು. ಪರದೆಯ ಮೇಲಂಚಿನಲ್ಲಿ, ಹಲಗೆಯ ನೇರಕ್ಕೆ, ಹಗ್ಗದ ಒಂದು ತುಂಡು ನೇತಾಡುತ್ತಿತ್ತು. ಬೆರಳಿನಷ್ಟು ಉದ್ದದ್ದು. ನಮ್ಮ ಟೀವಿಯಲ್ಲಿ ವಾರ್ತೆ ಓದುವವರ ತಲೆಗೂದಲು ಎಲ್ಲಿ ಹೋಗುತ್ತಿತ್ತೋ ಅಲ್ಲಿ.

ಅಮ್ಮ ಕಂಟ್ರೋಲರ್ ತೆಗೆದುಕೊಂಡಳು. ಹಲಗೆ ಮೇಲೇರುವವರೆಗೂ ಕಾದಳು. ದಡದ ಕಡೆಗೆ ಹಾರಲಿಲ್ಲ, ನಿಂತಲ್ಲಿಂದ ನೆಟ್ಟಗೆ ಮೇಲಕ್ಕೆ ಹಾರಿದಳು. ಗುಂಡ ಹಗ್ಗ ಹಿಡಿದ. ಹಗ್ಗ ಅವನನ್ನು ತೂಗಿಕೊಂಡು ಹೋಗಿ ಆಚೆ ದಡದಲ್ಲಿ ಇಳಿಸಿತು. ಬಾಗಿಲು ತೆರೆಯಿತು. ನಾನು ಕಿರುಚಿದ್ದು ಮಹಡಿಯವರಿಗೂ ಕೇಳಿಸಿತಂತೆ.

ಬಾಗಿಲ ಹಿಂದೆ ಏನಿತ್ತು ಎಂದರೆ, ಒಂದು ಬಯಲು, ಗುಂಡ ಡಬ್ಬಿಯನ್ನು ಕೆಳಗಿಟ್ಟು ಕುಳಿತುಕೊಳ್ಳುತ್ತಾನೆ, ಸೂರ್ಯ ಹುಟ್ಟುತ್ತಾನೆ, ಆಡಿದವರಿಗೆ ಧನ್ಯವಾದ ಎಂದು ಬರುತ್ತದೆ. ಅಷ್ಟೇ. ನನಗೆ ಸ್ವಲ್ಪ ನಿರಾಸೆಯಾಯಿತು. ಅಮ್ಮ ಧನ್ಯವಾದವನ್ನೂ ಓದಲಿಲ್ಲ, ಡಬ್ಬಿಯನ್ನು ತೋರಿಸಿ "ಊಟಕ್ ಕೂತ" ಎಂದಳು. ಆಮೇಲೆ ಬಲಗೈಯನ್ನು ಮುಂದೆ ಚಾಚಿ, ಹೆಬ್ಬೆರಳನ್ನು ಮಡಚಿ ಬಿಡಿಸಿ, ಬಹಳ ಹೊತ್ತು ನೋಡಿದಳು.

"ಅಂದ್ರೆ ನನ್ನ ಕೈ ಸರಿಯಾಗೇ ಇತ್ತು" ಎಂದಳು.

ಅಕ್ಕನಿಗೆ ಫೋನು ಹೋಯಿತು. ನನ್ನ ಮೊಬೈಲನ್ನು ಅಮ್ಮನೇ ಕಿತ್ತುಕೊಂಡು, ಹೆಸರು ಹುಡುಕಿ, ತಾನೇ ಒತ್ತಿದಳು. "ಕೈ ಸರಿಯಾಗೇ ಇತ್ತು ಕಣೇ, ಟೀವೀನೇ ಸರಿ ಇರ್ಲಿಲ್ಲ" ಎಂದು ಆ ಕಡೆ ಅಕ್ಕ ಏನು ಹೇಳುತ್ತಿದ್ದರೂ ಕೇಳದೆ ಅದನ್ನೇ ಹೇಳಿದಳು. ಅಪ್ಪ ಪೇಪರನ್ನು ಮುಖದ ಮಟ್ಟಕ್ಕೆ ಏರಿಸಿದರು. ಫೋನಿಟ್ಟ ಅಮ್ಮ ಎದ್ದು, ಗಾಜಿನ ನಡುವೆ ಅಂಟಿದ್ದ ಬೊಟ್ಟನ್ನು ಉಗುರಿನಿಂದ ಬಿಡಿಸಿ, ತುದಿಗಾಲಲ್ಲಿ ನಿಂತು, ಮೇಲಂಚಿನಲ್ಲಿ ಹಗ್ಗ ನೇತಾಡುತ್ತಿದ್ದ ಜಾಗಕ್ಕೆ ಒತ್ತಿದಳು.

ಸಂಜೆ ಅಪ್ಪ ವಾರ್ತೆ ಹಾಕಿದರು. ಪರದೆಯ ಬಲಕ್ಕೆ ಕೂತು ವಾರ್ತೆ ಓದುವ ಹುಡುಗಿಯ ತಲೆಯ ಮೇಲೆ, ಕೂದಲಿನ ನಡುವೆ, ಮರೂನ್ ಬೊಟ್ಟು.

"ಅಲ್ಲ ಕಣೇ, ಇದನ್ನ ತೆಗೀಬಾರ್ದಾ? ಅಡ್ಡ ಬರುತ್ತೆ" ಎಂದರು ಅಪ್ಪ.

ಅಮ್ಮ ಕಾಫಿ ಲೋಟವನ್ನು ಅವರ ಮುಂದಿಟ್ಟಳು. ಇಷ್ಟು ವರ್ಷ ಕಾದಿದ್ದಕ್ಕೋ ಏನೋ, ಅವಸರವೇ ಇಲ್ಲದೆ ಹೇಳಿದಳು.

"ಇರ್ಲಿ ಬಿಡಿ. ವಾರ್ತೆ ಬಾಯಲ್ಲಿ ತಾನೇ ಓದೋದು, ಕೂದ್ಲಲ್ಲಿ ಅಲ್ವಲ್ಲ."